ಸ್ಟುಡಿಯೋ ಕಾಲದಲ್ಲಿ ಸಿನಿಮಾ ಹೇಗೆ ತಯಾರಾಗುತ್ತಿತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಸಿನಿಮಾದ ಮಾತು ಬಂದರೆ ನಟರ ಕಥೆ ಬರುತ್ತದೆ, ಹಾಡಿನ ಕಥೆ ಬರುತ್ತದೆ. ಆ ಸಿನಿಮಾ ತಯಾರಾಗುತ್ತಿದ್ದ ಮನೆಯ ಕಥೆ ಮಾತ್ರ ಅಷ್ಟಾಗಿ ಬರುವುದಿಲ್ಲ. ಅಲ್ಲಿ ಯಾರು ಯಾರಿಗೆ ಸಂಬಳ ಕೊಡುತ್ತಿದ್ದರು, ಸೆಟ್ ಕಟ್ಟುತ್ತಿದ್ದವರು ಯಾರು, ಕನ್ನಡದ ಚಿತ್ರ ಯಾಕೆ ಬೇರೆ ಊರಿನಲ್ಲಿ ತಯಾರಾಗುತ್ತಿತ್ತು? ನನ್ನನ್ನು ಹಲವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನನಗೆ ಇಷ್ಟವಾದ ಪ್ರಶ್ನೆಗೆ ಉತ್ತರ ಉದ್ದವಾಗಿದೆ. ಅದಕ್ಕೆ ಕ್ಷಮೆ ಇರಲಿ.

ಸ್ಟುಡಿಯೋ ಕಾಲ ಅಂದರೆ ಯಾವಾಗ?

ಭಾರತದ ಮಟ್ಟಿಗೆ ಸುಮಾರು 1920ರ ದಶಕದಿಂದ 1940ರ ದಶಕದ ಕೊನೆಯವರೆಗೆ. ಅದರಲ್ಲೂ 1930ರ ದಶಕವೇ ಅದರ ಹರೆಯ. ಪ್ರಭಾತ್ ಎಂಬ ಕಂಪನಿ 1929ರಲ್ಲಿ ಕೊಲ್ಲಾಪುರದಲ್ಲಿ ಶುರುವಾಯಿತು, ಆಮೇಲೆ ಪುಣೆಗೆ ಹೋಯಿತು. ಅದೇ ವರ್ಷ ಬೊಂಬಾಯಿಯಲ್ಲಿ ರಣಜಿತ್ ಹುಟ್ಟಿತು. 1931ರಲ್ಲಿ ಕಲ್ಕತ್ತಾದ ನ್ಯೂ ಥಿಯೇಟರ್ಸ್, 1934ರಲ್ಲಿ ಬಾಂಬೆ ಟಾಕೀಸ್ ಬಂದವು. ತೆಂಕಣಕ್ಕೆ ಈ ಗಾಳಿ ಸ್ವಲ್ಪ ತಡವಾಗಿ ಬೀಸಿತು. ಸೇಲಂನ ಮಾಡರ್ನ್ ಥಿಯೇಟರ್ಸ್, ಮದ್ರಾಸಿನ ಜೆಮಿನಿ, ಎವಿಎಂ, ವಾಹಿನಿ ಎಲ್ಲ ಆಮೇಲಿನವು. ಹಾಗೆಯೇ ಅವು ಜಾಸ್ತಿ ಕಾಲ ಬಾಳಿದವು.

ಸ್ಟುಡಿಯೋ ಅಂದರೆ ಶೂಟಿಂಗ್ ಮಾಡುವ ಜಾಗ ತಾನೇ?

ಈಗ ಹೌದು. ಆಗ ಅಲ್ಲ. ಇವತ್ತು ನಿರ್ಮಾಪಕರು ನಾಲ್ಕು ದಿನಕ್ಕೆ ಫ್ಲೋರ್, ಅಂದರೆ ಶೂಟಿಂಗ್ ನಡೆಸುವ ಹಾಲ್, ಬಾಡಿಗೆ ಹಿಡಿಯುತ್ತಾರೆ, ಸೆಟ್ ಹಾಕುತ್ತಾರೆ, ಕೆಲಸ ಮುಗಿದ ಮೇಲೆ ಬಿಚ್ಚಿಕೊಂಡು ಹೋಗುತ್ತಾರೆ. ಆಗ ಸ್ಟುಡಿಯೋ ಅಂದರೆ ಒಂದು ಕಂಪನಿ. ಜಾಗ ಅವರದು, ಕ್ಯಾಮೆರಾ ಅವರದು, ಫಿಲ್ಮ್ ತೊಳೆಯುವ ಲ್ಯಾಬ್ ಅವರದು. ಕಥೆ ಬರೆಯುವವರಿಂದ ಬಾಗಿಲು ಕಾಯುವವರವರೆಗೆ ಎಲ್ಲರಿಗೂ ತಿಂಗಳ ಸಂಬಳ. ಚಿತ್ರ ಮುಗಿದರೂ ಕೆಲಸ ಮುಗಿಯುವುದಿಲ್ಲ. ಸೋಮವಾರ ಇನ್ನೊಂದು ಚಿತ್ರದ ಕೆಲಸ.

ಕನ್ನಡದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಗುಬ್ಬಿ ಕಂಪನಿಯನ್ನು ನೆನಪಿಸಿಕೊಳ್ಳಿ. ನಟರು, ಪರದೆ ಬರೆಯುವವರು, ದರ್ಜಿ, ಹಾರ್ಮೋನಿಯಂ ಮೇಷ್ಟ್ರು, ಅಡುಗೆಯವರು ಎಲ್ಲರೂ ಒಂದೇ ಯಜಮಾನರ ಕೆಳಗೆ. ಊಟ ಅಲ್ಲೇ, ಪಾಠ ಅಲ್ಲೇ, ಬೈಗುಳವೂ ಅಲ್ಲೇ. ಚಿಕ್ಕ ಹುಡುಗನಾಗಿ ಸೇರಿದವನು ಎಲ್ಲ ಕೆಲಸ ಮಾಡುತ್ತಾ ಮಾಡುತ್ತಾ ಕಲಾವಿದನಾಗುತ್ತಿದ್ದ. ಸ್ಟುಡಿಯೋ ಅಂದರೆ ಊರೂರು ಸುತ್ತದೆ ಒಂದೇ ಕಡೆ ಗೋಡೆ ಕಟ್ಟಿಕೊಂಡ ನಾಟಕ ಕಂಪನಿ. ಜೊತೆಗೆ ಒಂದು ಲ್ಯಾಬ್. ನನಗೆ ಇದಕ್ಕಿಂತ ಒಳ್ಳೆ ಹೋಲಿಕೆ ಸಿಕ್ಕಿಲ್ಲ.

ಎಲ್ಲರಿಗೂ ತಿಂಗಳ ಸಂಬಳ ಯಾಕೆ? ಬೇಕಾದಾಗ ಕರೆದರೆ ಸಾಲದಿತ್ತಾ?

ಕರೆಯೋಣ ಅಂದರೆ ಹೊರಗೆ ಯಾರಿದ್ದರು? ಇದೇ ನಿಜವಾದ ಕಾರಣ. 1930ರಲ್ಲಿ ಸೌಂಡ್ ರೆಕಾರ್ಡ್ ಮಾಡಲು ಬರುವವರು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು. ಕ್ಯಾಮೆರಾ ಹಿಡಿಯುವವರು, ನೆಗೆಟಿವ್ ತೊಳೆಯುವವರು ಕೂಡ ಅಷ್ಟೇ. ಕಲಿಸುವ ಶಾಲೆ ಇಲ್ಲ. ನೀವೇ ಕಲಿಸಬೇಕು, ಕಲಿತವರನ್ನು ನೀವೇ ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಪಕ್ಕದ ಕಂಪನಿ ಎತ್ತಿಕೊಂಡು ಹೋಗುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಕ್ಯಾಮೆರಾ, ದೀಪ, ಸೌಂಡ್ ಯಂತ್ರ, ಲ್ಯಾಬ್ ಎಲ್ಲಕ್ಕೂ ದುಡ್ಡು ಸುರಿದಾಗಿದೆ. ಅವು ಸುಮ್ನೆ ಕೂತರೆ ನಷ್ಟ. ಹಾಗಾಗಿ ಒಂದು ಸೆಟ್‌ನಲ್ಲಿ ಶೂಟಿಂಗ್ ನಡೆಯುವಾಗ ಪಕ್ಕದಲ್ಲಿ ಮುಂದಿನ ಚಿತ್ರದ ಸೆಟ್ ಏಳುತ್ತಿರಬೇಕು. ಅತ್ತ ಹಿಂದಿನ ಚಿತ್ರದ ಎಡಿಟಿಂಗ್ ಸಾಗಬೇಕು. ಈ ಚಕ್ರ ನಿಲ್ಲಬಾರದು. ಸ್ಟುಡಿಯೋದಲ್ಲಿ ಕಾಣುವ ಪ್ರತಿಯೊಂದು ಪದ್ಧತಿಯ ಹಿಂದೆ ಈ ಒಂದು ಲೆಕ್ಕ ಇದ್ದೇ ಇರುತ್ತದೆ. ಒಲೆ ಹಚ್ಚಿ ಆಗಿದೆ, ಇನ್ನು ಎಸರು ಆರಬಾರದು.

ಮೂಕಿ ಚಿತ್ರಗಳ ಕಾಲದಲ್ಲೂ ಹೀಗೇ ಇತ್ತಾ?

ಮೊದಲು ಅದು ಮನೆಯ ಕೆಲಸವೇ ಆಗಿತ್ತು. ದಾದಾಸಾಹೇಬ್ ಫಾಲ್ಕೆ 1913ರ ತಮ್ಮ ಮೊದಲ ಚಿತ್ರವನ್ನು ಬೊಂಬಾಯಿಯ ದಾದರಿನ ಮನೆಯಲ್ಲೇ ಮಾಡಿದರು. ಇಡೀ ತಂಡಕ್ಕೆ ಅಡುಗೆ ಮಾಡಿದವರು ಅವರ ಹೆಂಡತಿ ಸರಸ್ವತಿಬಾಯಿ. ಫಿಲ್ಮ್ ಕೆಲಸಕ್ಕೂ ಅವರ ಕೈ ಇತ್ತು. ಅವರನ್ನು ಈ ದೇಶದ ಮೊದಲ ಪ್ರೊಡಕ್ಷನ್ ಮ್ಯಾನೇಜರ್ ಅಂದರೂ ತಪ್ಪಿಲ್ಲ ಅಂತ ನನ್ನ ಅನಿಸಿಕೆ.

ಆಗಿನ ಸ್ಟುಡಿಯೋಗಳಿಗೆ ಬಿಸಿಲೇ ದೀಪ. ಮೇಲೆ ಗಾಜಿನ ಚಾವಣಿಯೋ ಬಿಳಿ ಬಟ್ಟೆಯೋ ಇರುತ್ತಿತ್ತು. ಪಕ್ಕದಿಂದ ರಿಫ್ಲೆಕ್ಟರ್ ಹಿಡಿದು ಬೆಳಕು ತಿರುಗಿಸುತ್ತಿದ್ದರು. ಮೋಡ ಬಂದರೆ ಕೆಲಸ ಬಂದ್. ಸೆಟ್ ಅಂದರೆ ಹೆಚ್ಚಾಗಿ ನಾಟಕದ ಪರದೆಯೇ. ಕೊಲ್ಲಾಪುರದಲ್ಲಿ ಬಾಬುರಾವ್ ಪೇಂಟರ್ ಇದನ್ನು ಬದಲಿಸಿದರು. ಬಟ್ಟೆಯ ಮೇಲೆ ಬರೆದ ಕಂಬದ ಬದಲು ನಿಜವಾಗಿಯೂ ಎದ್ದು ನಿಲ್ಲುವ ಕಂಬ ಬಂತು. ಕ್ಯಾಮೆರಾವನ್ನೇ ಅವರು ಕೈಯಾರೆ ಮಾಡಿಕೊಂಡವರು. ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ಪಳಗಿದ ಹುಡುಗರೇ ಮುಂದೆ ಪ್ರಭಾತ್ ಕಟ್ಟಿದ್ದು.

ಮಾತು ಬಂದ ಮೇಲೆ ಏನೇನು ಬದಲಾಯಿತು?

ಎಲ್ಲವೂ. ಮೊದಲನೆಯದಾಗಿ ಬಾಗಿಲು ಮುಚ್ಚಬೇಕಾಯಿತು! ಹೊರಗಿನ ಸದ್ದು ಒಳಗೆ ಬರಬಾರದಲ್ಲ. ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ 1931ರ ಮಾರ್ಚ್ 14ರಂದು ತೆರೆ ಕಂಡಿತು. ಅದನ್ನು ತೆಗೆದ ಸ್ಟುಡಿಯೋ ರೈಲು ಹಳಿಯ ಪಕ್ಕದಲ್ಲೇ ಇತ್ತು. ರೈಲುಗಳ ಓಡಾಟ ನಿಂತ ಮೇಲೆ, ರಾತ್ರಿ ಒಂದರಿಂದ ನಾಲ್ಕರ ನಡುವೆ ಹೆಚ್ಚಿನ ಶೂಟಿಂಗ್ ನಡೆಯಿತು. ಮೈಕನ್ನು ನಟರ ಹತ್ತಿರ ಕಣ್ಣಿಗೆ ಬೀಳದ ಹಾಗೆ ಅಡಗಿಸಿಡಬೇಕಿತ್ತು. ವಾದ್ಯದವರೂ ಚೌಕಟ್ಟಿನ ಆಚೆ ಎಲ್ಲೋ ಅವಿತು ಬಾರಿಸಬೇಕು.

ಆ ಚಿತ್ರಕ್ಕೆ ಬಳಸಿದ ಯಂತ್ರದಲ್ಲಿ ಚಿತ್ರ ಮತ್ತು ಧ್ವನಿ ಎರಡೂ ಒಂದೇ ನೆಗೆಟಿವ್ ಮೇಲೆ ಬೀಳುತ್ತಿದ್ದವು. ಹಾಗಾದಾಗ ಎಡಿಟಿಂಗ್ ಕಷ್ಟ. ಚಿತ್ರ ಕತ್ತರಿಸಿದರೆ ಮಾತೂ ಕತ್ತರಿಸಿ ಹೋಗುತ್ತದೆ. ಬರಬರುತ್ತಾ ಧ್ವನಿಗೇ ಬೇರೆ ಫಿಲ್ಮ್ ಬಂತು, ಆ ತಲೆನೋವು ಕಡಿಮೆಯಾಯಿತು.

ಬಿಸಿಲು ಹೋಗಿ ವಿದ್ಯುತ್ ದೀಪ ಬಂತು. ದೀಪದ ಜೊತೆ ಸೆಕೆ ಬಂತು. ಮುಚ್ಚಿದ ಬಾಗಿಲು, ತಲೆ ಮೇಲೆ ಉರಿಯುವ ದೀಪ, ಸದ್ದಾಗುತ್ತದೆ ಅಂತ ಫ್ಯಾನೂ ಇಲ್ಲ. ಮೈ ತುಂಬ ಪೌರಾಣಿಕ ಒಡವೆ ಹೇರಿಕೊಂಡ ನಟರ ಪಾಡು ಯೋಚಿಸಿ.

ಖರ್ಚೂ ಏರಿತು. ಬಿಸಿಲನ್ನು ನಂಬಿಕೊಂಡಿದ್ದ ಸಣ್ಣ ಕಂಪನಿಗಳು ಮುಚ್ಚಿದವು. ಸೌಂಡ್ ಯಂತ್ರ ಕೊಳ್ಳುವ ತಾಕತ್ತು ಇದ್ದವರು ಉಳಿದರು.

ಇದೆಲ್ಲ ಹಾಲಿವುಡ್‌ನಿಂದ ಎತ್ತಿಕೊಂಡದ್ದಾ?

ಅರ್ಧ ಹೌದು. ಕೆಲಸವನ್ನು ವಿಭಾಗ ವಿಭಾಗವಾಗಿ ಹಂಚುವುದು, ಶೂಟಿಂಗ್‌ಗೆ ಮೊದಲೇ ಪ್ರತಿ ಶಾಟ್ ಕಾಗದದ ಮೇಲೆ ಬರೆದಿಡುವುದು, ಅದನ್ನು ನೋಡಿ ಖರ್ಚಿನ ಪಟ್ಟಿ ಮಾಡುವುದು ಅಮೆರಿಕದಲ್ಲಿ 1910ರ ದಶಕದಲ್ಲೇ ಗಟ್ಟಿಯಾಗಿತ್ತು. ಥಾಮಸ್ ಇನ್ಸ್ ಎಂಬ ನಿರ್ಮಾಪಕರ ಹೆಸರು ಇದಕ್ಕೆ ಅಂಟಿಕೊಂಡಿದೆ. ಒಬ್ಬರೇ ಏಕಕಾಲಕ್ಕೆ ಹಲವು ಚಿತ್ರಗಳ ಮೇಲೆ ಕಣ್ಣಿಡಲು ಇದರಿಂದ ಆಯಿತು.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಅಮೆರಿಕದ ದೊಡ್ಡ ಸ್ಟುಡಿಯೋಗಳ ಕೈಯಲ್ಲಿ ಚಿತ್ರಮಂದಿರಗಳ ಸಾಲು ಸಾಲೇ ಇತ್ತು. ಚಿತ್ರ ಮಾಡುವವರೂ ಅವರೇ, ತೋರಿಸುವವರೂ ಅವರೇ. ಅಲ್ಲಿನ ಸುಪ್ರೀಂ ಕೋರ್ಟು 1948ರಲ್ಲಿ ಅದಕ್ಕೆ ಕೊಡಲಿ ಹಾಕಿತು. 1930ರ ದಶಕದ ನಮ್ಮ ಸ್ಟುಡಿಯೋಗಳಲ್ಲಿ ಹೆಚ್ಚಿನವಕ್ಕೆ ಅಷ್ಟು ಹಿಡಿತ ಇರಲಿಲ್ಲ. ಕೆಲವು ಥಿಯೇಟರ್ ಇದ್ದರೆ ಹೆಚ್ಚು. ಚಿತ್ರ ಓಡದಿದ್ದರೆ ಏಟು ನೇರ ಸಂಬಳದ ಪೆಟ್ಟಿಗೆಗೇ ಬೀಳುತ್ತಿತ್ತು.

ಸ್ಟುಡಿಯೋದಲ್ಲಿ ಯಜಮಾನ ಯಾರು? ನಿರ್ದೇಶಕರಾ?

ಒಂದೊಂದು ಮನೆಗೆ ಒಂದೊಂದು ರೀತಿ. ನನಗೆ ಎಲ್ಲಕ್ಕಿಂತ ಸೊಗಸು ಅನಿಸುವುದು ಪ್ರಭಾತ್. ಅಲ್ಲಿ ಮಾಲೀಕರೇ ಕೆಲಸಗಾರರು. ವಿ. ಶಾಂತಾರಾಂ ನಿರ್ದೇಶನ ನೋಡಿಕೊಂಡರು. ದಾಮ್ಲೆ ಅವರಿಗೆ ಧ್ವನಿ, ಫತ್ತೇಲಾಲ್ ಅವರಿಗೆ ಕಲೆ, ಧಾಯ್ಬರ್ ಅವರಿಗೆ ಕ್ಯಾಮೆರಾ. ಐದನೆಯವರಾದ ಕುಲಕರ್ಣಿ ದುಡ್ಡು ಹಾಕಿದವರು. ಮಾಲೀಕರೇ ಸೆಟ್ ಮೇಲೆ ಇದ್ದರೆ ಕೆಲಸಗಾರರು ನೆವ ಹೇಳುವುದು ಹೇಗೆ? ದಾಮ್ಲೆ, ಫತ್ತೇಲಾಲ್ ಇಬ್ಬರೂ ಸೇರಿ ನಿರ್ದೇಶಿಸಿದ ‘ಸಂತ ತುಕಾರಾಂ’ 1937ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಹೆಸರು ಮಾಡಿತು. ಒಬ್ಬರು ಧ್ವನಿಯವರು, ಇನ್ನೊಬ್ಬರು ಸೆಟ್‌ನವರು! ವಿಭಾಗಗಳ ನಡುವೆ ಗೋಡೆ ಎಷ್ಟು ತೆಳುವಾಗಿತ್ತು ನೋಡಿ.

ಬಾಂಬೆ ಟಾಕೀಸ್ ಪೂರಾ ಬೇರೆ. ಹಿಮಾಂಶು ರಾಯ್ ಅದನ್ನು ಷೇರು ಕಂಪನಿಯಾಗಿ ಕಟ್ಟಿದರು. ಬೊಂಬಾಯಿಯ ದೊಡ್ಡ ಮನುಷ್ಯರು ಅದರ ಆಡಳಿತ ಮಂಡಳಿಯಲ್ಲಿದ್ದರು. ಸಿನಿಮಾ ಅಂದರೆ ಮರ್ಯಾದಸ್ಥರು ಮೂಗು ಮುರಿಯುತ್ತಿದ್ದ ಕಾಲ. ಅಂಥದ್ದರಲ್ಲಿ ಲೆಕ್ಕಪತ್ರ, ಶಿಸ್ತು, ಓದಿದ ಹುಡುಗರು ಎಲ್ಲ ಇದ್ದ ಕಂಪನಿ ಇದು. ಜಾತಿ ನೋಡದೆ ಎಲ್ಲರೂ ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದರು. ಸಂಗೀತ ವಿಭಾಗ ನಡೆಸಿದವರು ಸರಸ್ವತಿ ದೇವಿ ಎಂಬ ಹೆಸರಿನಲ್ಲಿ ಕೆಲಸ ಮಾಡಿದ ಪಾರ್ಸಿ ಮಹಿಳೆ. 1940ರಲ್ಲಿ ರಾಯ್ ತೀರಿಕೊಂಡ ಮೇಲೆ ಹೆಂಡತಿ ದೇವಿಕಾ ರಾಣಿ ಸ್ಟುಡಿಯೋದ ಹೊಣೆ ಹೊತ್ತರು.

ಕಲ್ಕತ್ತಾದ ನ್ಯೂ ಥಿಯೇಟರ್ಸ್ ಕಟ್ಟಿದ ಬಿ. ಎನ್. ಸರ್ಕಾರ್ ಓದಿದ್ದು ಎಂಜಿನಿಯರಿಂಗ್. ನಿರ್ದೇಶಕರನ್ನು ಆರಿಸಿ, ಬೇಕಾದ್ದನ್ನೆಲ್ಲ ಒದಗಿಸಿ, ಆಮೇಲೆ ಪಕ್ಕಕ್ಕೆ ಸರಿದು ನಿಲ್ಲುವ ಯಜಮಾನರು ಅವರು. ಸೇಲಂನ ಮಾಡರ್ನ್ ಥಿಯೇಟರ್ಸ್‌ನ ಟಿ. ಆರ್. ಸುಂದರಂ ತದ್ವಿರುದ್ಧ. ಅವರದು ಬಿಗಿ ಶಿಸ್ತಿಗೆ ಹೆಸರಾದ ಸ್ಟುಡಿಯೋ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜವಳಿ ತಂತ್ರ ಓದಿ ಬಂದವರು, ಸಿನಿಮಾವನ್ನೂ ಗಿರಣಿಯ ಹಾಗೆ ನಡೆಸಿದರು. ಅಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳು ತಯಾರಾದವು. ಮಲಯಾಳದ ಮೊದಲ ಮಾತಿನ ಚಿತ್ರವೂ 1938ರಲ್ಲಿ ಅದೇ ಕಂಪನಿಯಿಂದ ಬಂತು.

ಒಂದು ಚಿತ್ರ ಕಥೆಯಿಂದ ಪ್ರಿಂಟ್‌ವರೆಗೆ ಹೇಗೆ ಸಾಗುತ್ತಿತ್ತು?

ಮೊದಲು ಕಥಾ ವಿಭಾಗ. ಬಾಂಬೆ ಟಾಕೀಸ್‌ಗೆ ಶುರುವಿನಲ್ಲಿ ನಿರಂಜನ್ ಪಾಲ್ ಕಥೆ ಬರೆಯುತ್ತಿದ್ದರು. ಜೆಮಿನಿಯಲ್ಲಿ ಎಸ್. ಎಸ್. ವಾಸನ್ ಕಥೆಗೆಂದೇ ಒಂದು ಇಲಾಖೆ ಇಟ್ಟಿದ್ದರು. ಅವರು ‘ಆನಂದ ವಿಕಟನ್’ ಪತ್ರಿಕೆಯ ಮಾಲೀಕರೂ ಹೌದು. ಹಾಗಾಗಿ ಬರೆಯುವವರನ್ನು ಸಂಬಳಕ್ಕೆ ಕೂರಿಸುವುದು ಅವರಿಗೆ ಹೊಸದಲ್ಲ. ನಾಲ್ಕು ಜನ ಕೂತು ಚರ್ಚೆ ಮಾಡುತ್ತಾರೆ, ಯಜಮಾನರು ಕೇಳುತ್ತಾರೆ, ಬೇಡ ಅನ್ನುತ್ತಾರೆ, ಮತ್ತೆ ಬರೆಯುತ್ತಾರೆ.

ಕಥೆ ನಿಂತ ಮೇಲೆ ಕಲಾ ವಿಭಾಗದವರು ಸೆಟ್‌ಗಳ ಚಿತ್ರ ಬರೆಯುತ್ತಾರೆ. ಆ ಕಾಗದ ಬಡಗಿಗಳ ಕೈಗೆ ಹೋಗುತ್ತದೆ. ಮರದ ಚೌಕಟ್ಟು, ಅದಕ್ಕೆ ಗೋಣಿ ಅಥವಾ ಹಲಗೆ, ಮೇಲೆ ಪ್ಲಾಸ್ಟರು, ಆಮೇಲೆ ಬಣ್ಣ. ಅರಮನೆಯ ಕಂಬ ಮುಂದಿನ ಚಿತ್ರದಲ್ಲಿ ದೇವಸ್ಥಾನದ ಕಂಬ ಆಗುತ್ತದೆ. ಯಾವುದನ್ನೂ ಬಿಸಾಡುವುದಿಲ್ಲ. ಪೌರಾಣಿಕ ಚಿತ್ರಗಳು ಅಷ್ಟೊಂದು ಬಂದದ್ದಕ್ಕೆ ಭಕ್ತಿ ಒಂದು ಕಾರಣ ಇರಬಹುದು. ಕಿರೀಟ, ಗದೆ, ಸಿಂಹಾಸನ ಗೋಡೌನಿನಲ್ಲಿ ರೆಡಿ ಇದ್ದದ್ದೂ ಒಂದು ಕಾರಣ ಅಂತ ನನಗೆ ಅನುಮಾನ.

ಆಮೇಲೆ ರಿಹರ್ಸಲ್. ಇದಕ್ಕೆ ಈಗಿನವರಿಗಿಂತ ಅವರು ಜಾಸ್ತಿ ಸಮಯ ಕೊಡುತ್ತಿದ್ದರು. ಯಾಕೆ ಅಂದರೆ ಕಚ್ಚಾ ಫಿಲ್ಮ್ ಹಡಗಿನಲ್ಲಿ ಬರಬೇಕು, ಒಂದೊಂದು ಅಡಿಗೂ ದುಡ್ಡು. ನಟರಿಗೆ ಹೇಗೂ ತಿಂಗಳ ಸಂಬಳ ಇದೆ. ಅಂದಮೇಲೆ ರಿಹರ್ಸಲ್ ಪುಕ್ಕಟೆ, ಟೇಕ್ ದುಬಾರಿ. ಈಗ ಲೆಕ್ಕ ಉಲ್ಟಾ ಆಗಿದೆ ಅಲ್ವಾ? ನಟರ ದಿನ ದುಬಾರಿ, ಟೇಕ್ ಪುಕ್ಕಟೆ.

ಶೂಟಿಂಗ್ ಆದ ಫಿಲ್ಮ್ ಸ್ಟುಡಿಯೋದ ಲ್ಯಾಬಿಗೆ ಹೋಗುತ್ತದೆ. ತೊಳೆದು, ರಶ್ ಪ್ರಿಂಟ್ (ಎಡಿಟಿಂಗ್‌ಗೆ ಮೊದಲು ನೋಡಲು ತೆಗೆಯುವ ಕಚ್ಚಾ ಪ್ರತಿ) ಹಾಕಿ, ಎಲ್ಲ ವಿಭಾಗದವರೂ ಒಟ್ಟಿಗೆ ಕೂತು ನೋಡುತ್ತಾರೆ. ದೀಪ ಸರಿಯಿಲ್ಲ, ಮಾತು ಕೇಳುತ್ತಿಲ್ಲ ಅಂದರೆ ಸೆಟ್ ಇನ್ನೂ ನಿಂತಿರುವಾಗಲೇ ಮತ್ತೆ ತೆಗೆಯಬಹುದು. ಲ್ಯಾಬ್ ಕಾಂಪೌಂಡಿನ ಒಳಗೇ ಇರುವುದರ ಲಾಭ ಇದು. ಆಮೇಲೆ ಎಡಿಟಿಂಗ್, ನೆಗೆಟಿವ್ ಕಟಿಂಗ್, ಕೊನೆಗೆ ಊರೂರಿಗೆ ಹೋಗುವ ಪ್ರಿಂಟುಗಳು. ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತದೆ. ಎರಡು ಗಂಟೆಯ ಚಿತ್ರ ಅಂದರೆ ಡಬ್ಬಿಗಳ ಹೊರೆಯೇ.

ಹಾಡು? ನಟರೇ ಹಾಡುತ್ತಿದ್ದರಾ?

ಮೊದಲು ಹೌದು, ಸೆಟ್ ಮೇಲೆಯೇ, ಕ್ಯಾಮೆರಾ ಓಡುವಾಗಲೇ. ಹಾಡಲು ಬಾರದವರಿಗೆ ನಾಯಕನ ಪಾತ್ರ ಸಿಗುವುದೇ ಕಷ್ಟ. ನಾಟಕ ಕಂಪನಿಯವರಿಗೆ ಸಿನಿಮಾದಲ್ಲಿ ಬೆಲೆ ಬಂದದ್ದು ಇದರಿಂದಲೇ. 1935ರಲ್ಲಿ ನ್ಯೂ ಥಿಯೇಟರ್ಸ್‌ನ ನಿತಿನ್ ಬೋಸ್ ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಸೆಟ್‌ನಲ್ಲಿ ಅದನ್ನು ಹಾಕಿ, ನಟರಿಂದ ತುಟಿ ಆಡಿಸಿದರು. ಹಿನ್ನೆಲೆ ಗಾಯನ ಹಾಗೆ ಬಂತು. ಅಲ್ಲಿಂದ ಮುಂದೆ ಸಂಗೀತ ವಿಭಾಗದ ಕೆಲಸ ಸೆಟ್‌ನಿಂದ ಬೇರೆಯಾಯಿತು.

ನಟ ನಟಿಯರಿಗೂ ಸಂಬಳವೇ?

ಅವರಿಗೂ ಸಂಬಳವೇ. ಹಾಜರಿಯೂ ಇತ್ತು. ಶೂಟಿಂಗ್ ಇಲ್ಲದ ದಿನವೂ ಬರಬೇಕು. ಬಾಂಬೆ ಟಾಕೀಸ್‌ನ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅಶೋಕ್ ಕುಮಾರ್ ಅವರನ್ನು ಹಿಡಿದು ತಂದು ನಾಯಕನಾಗಿ ನಿಲ್ಲಿಸಿದರು. ಹೊರಗಿನಿಂದ ಯಾರನ್ನೋ ಹುಡುಕುವುದಕ್ಕಿಂತ ಒಳಗಿನ ಹುಡುಗನೇ ಆಗಲಿ ಅನ್ನುವ ಲೆಕ್ಕ. ದಿಲೀಪ್ ಕುಮಾರ್ ಅವರನ್ನು ದೇವಿಕಾ ರಾಣಿ ಸೇರಿಸಿಕೊಂಡಾಗ ಗೊತ್ತುಮಾಡಿದ ಸಂಬಳ ತಿಂಗಳಿಗೆ 1,250 ರೂಪಾಯಿ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ವರ್ಷಕ್ಕಿರಬೇಕು ಅಂತ ಅವರಿಗೇ ಅನುಮಾನ ಬಂದಿತ್ತಂತೆ.

ಎಲ್ಲವೂ ಸುಖವಾಗಿತ್ತು ಅಂದುಕೊಳ್ಳಬೇಡಿ. ಕರಾರು ಕೈ ಕಟ್ಟಿ ಹಾಕುತ್ತಿತ್ತು. ಬೇರೆ ಕಡೆ ನಟಿಸುವಂತಿಲ್ಲ, ಹೊರಗೆ ಹಾಡಲೂ ಕೇಳಬೇಕು. ಪ್ರಭಾತ್‌ನ ತಾರೆ ಶಾಂತಾ ಆಪ್ಟೆ 1939ರಲ್ಲಿ ತಮ್ಮದೇ ಸ್ಟುಡಿಯೋದ ಗೇಟಿನ ಮುಂದೆ ಉಪವಾಸ ಕೂತರು. ಸಂಬಳ, ಕರಾರಿನ ಜಗಳ ಅದು. ತೆರೆಯ ಮೇಲೆ ಅನ್ಯಾಯಕ್ಕೆ ತಲೆಬಾಗದ ಹುಡುಗಿಯಾಗಿ ನಟಿಸಿದ್ದವರು ಗೇಟಿನ ಮುಂದೆಯೂ ಹಾಗೇ ಕೂತರು. ಸ್ಟುಡಿಯೋ ಕಾಲವನ್ನು ಒಂದು ದೊಡ್ಡ ಕುಟುಂಬ ಅಂತ ಹೊಗಳುವವರಿಗೆ ನಾನು ಈ ಘಟನೆ ನೆನಪಿಸುತ್ತೇನೆ. ಬಡಗಿಗಳು, ಲೈಟ್‌ಬಾಯ್‌ಗಳು ಹಾಗೆ ಕೂತಿದ್ದರೆ ಪತ್ರಿಕೆಯಲ್ಲಿ ಬರುತ್ತಿತ್ತಾ, ಹೇಳಿ.

ಬಾಂಬೆ ಟಾಕೀಸ್‌ನಲ್ಲಿ ಜರ್ಮನ್ನರು ಏನು ಮಾಡುತ್ತಿದ್ದರು?

ನಿರ್ದೇಶಕ ಫ್ರಾಂಜ್ ಓಸ್ಟೆನ್, ಕ್ಯಾಮೆರಾಮನ್ ಯೋಸೆಫ್ ವಿರ್ಶಿಂಗ್, ಸೆಟ್‌ಗೆ ಕಾರ್ಲ್ ಫಾನ್ ಶ್ಪ್ರೇಟಿ. ಹಿಮಾಂಶು ರಾಯ್ ಮೂಕಿ ಕಾಲದಿಂದಲೂ ಜರ್ಮನಿಯವರ ಜೊತೆ ಕೆಲಸ ಮಾಡಿದ್ದರು, ಆ ನಂಟು ಇದು. ಓಸ್ಟೆನ್‌ಗೆ ಹಿಂದಿ ಬರುತ್ತಿರಲಿಲ್ಲ. ಆದರೂ ನಾಲ್ಕೈದು ವರ್ಷ ಒಂದರ ಹಿಂದೆ ಒಂದು ಹಿಂದಿ ಚಿತ್ರ ಮಾಡಿದರು. ಅರ್ಥ ಏನು? ಮಾತಿಗೆ ಬೇರೆಯವರಿದ್ದರು, ಕಥೆಗೆ ಬೇರೆಯವರಿದ್ದರು. ನಿರ್ದೇಶಕರು ಇಡೀ ಯಂತ್ರದ ಒಂದು ಭಾಗ ಅಷ್ಟೇ.

1939ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ನರು ಶತ್ರು ದೇಶದವರಾದರು, ಬ್ರಿಟಿಷ್ ಸರ್ಕಾರ ಹಿಡಿದು ಕ್ಯಾಂಪಿಗೆ ಹಾಕಿತು. ಬೇರೆ ಕಂಪನಿಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಅವರ ಕೈಕೆಳಗೆ ಕಲಿತ ಹುಡುಗರು ಇದ್ದರು, ಕೆಲಸ ನಿಲ್ಲಲಿಲ್ಲ. ವಿರ್ಶಿಂಗ್ ಯುದ್ಧ ಮುಗಿದ ಮೇಲೂ ಇಲ್ಲೇ ಉಳಿದರು. ‘ಮಹಲ್’ ಚಿತ್ರದ ಆ ನೆರಳು ಬೆಳಕು ಅವರದೇ.

ಒಂದೇ ಚಿತ್ರ ಎರಡು ಭಾಷೆಯಲ್ಲಿ ಹೇಗೆ ತೆಗೆಯುತ್ತಿದ್ದರು?

ಸೆಟ್ ಒಂದೇ, ದೀಪ ಒಂದೇ. ಒಂದು ಶಾಟ್ ಮರಾಠಿಯಲ್ಲಿ, ಹಾಗೇ ಇನ್ನೊಂದು ಸಲ ಹಿಂದಿಯಲ್ಲಿ. ಕಲ್ಕತ್ತಾದಲ್ಲಾದರೆ ಬಂಗಾಳಿ ಮತ್ತು ಹಿಂದಿ. ಕೆಲವೊಮ್ಮೆ ನಟರು ಬದಲಾಗುತ್ತಿದ್ದರು, ಕೆಲವೊಮ್ಮೆ ಮಾತು ಮಾತ್ರ. ಪ್ರಭಾತ್‌ನ ಮೊದಲ ಮಾತಿನ ಚಿತ್ರ 1932ರಲ್ಲಿ ಹೀಗೇ ಎರಡು ಭಾಷೆಯಲ್ಲಿ ಬಂತು. ಸೆಟ್‌ನ ಖರ್ಚು ಎರಡು ಮಾರುಕಟ್ಟೆಗೆ ಹಂಚಿಹೋಗುತ್ತದೆ.

ಡಬ್ಬಿಂಗ್ ಆಮೇಲೆ ಬಂತು. ಅದರಲ್ಲಿ ಕನ್ನಡದ ಪಾಲೊಂದಿದೆ. ಮುಂದೆ ಎವಿಎಂ ಕಟ್ಟಿದ ಎ. ವಿ. ಮೆಯ್ಯಪ್ಪನ್ 1943ರಲ್ಲಿ ಆರ್. ನಾಗೇಂದ್ರರಾಯರ ನಿರ್ದೇಶನದಲ್ಲಿ ‘ಸತ್ಯ ಹರಿಶ್ಚಂದ್ರ’ವನ್ನು ಕನ್ನಡದಲ್ಲಿ ಮಾಡಿದರು. ಮರುವರ್ಷ ಅದೇ ಚಿತ್ರಕ್ಕೆ ತಮಿಳು ಮಾತು ಕೂಡಿಸಿ ಬಿಟ್ಟರು. ಕನ್ನಡದಿಂದ ತಮಿಳಿಗೆ! ಡಬ್ಬಿಂಗ್ ಬೇಕೋ ಬೇಡವೋ ಅಂತ ನಾವು ವರ್ಷಗಟ್ಟಲೆ ಜಗಳವಾಡಿದ್ದು ನೆನೆದರೆ ನಗು ಬರುತ್ತದೆ.

ಮೊದಲ ಕನ್ನಡ ಮಾತಿನ ಚಿತ್ರ ಕೊಲ್ಲಾಪುರದಲ್ಲಿ ಯಾಕೆ ತಯಾರಾಯಿತು?

‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ದುಡ್ಡು ಹಾಕಿದವರು ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ. ನಿರ್ದೇಶಕರು ವೈ. ವಿ. ರಾವ್, ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ರಾವಣ ನಾಗೇಂದ್ರರಾಯರು, ಇಂದ್ರಜಿತು ಸುಬ್ಬಯ್ಯ ನಾಯ್ಡು, ಸುಲೋಚನೆ ತ್ರಿಪುರಾಂಬ. ನಟರೆಲ್ಲ ಇಲ್ಲಿಯವರೇ. ಆದರೆ ಧ್ವನಿ ಹಿಡಿಯುವ ಸ್ಟುಡಿಯೋ ಮೈಸೂರು ಸೀಮೆಯಲ್ಲಿ ಇರಲಿಲ್ಲ. ಮದ್ರಾಸಿನಲ್ಲೂ ಮೊದಲ ಸೌಂಡ್ ಸ್ಟುಡಿಯೋ ಬಂದದ್ದು ಅದೇ 1934ರಲ್ಲಿ, ಎ. ನಾರಾಯಣನ್ ಅವರ ಶ್ರೀನಿವಾಸ ಸಿನಿಟೋನ್. ಅಲ್ಲಿ ಧ್ವನಿಮುದ್ರಣ ಮಾಡುತ್ತಿದ್ದವರು ಅವರ ಹೆಂಡತಿ ಮೀನಾ. ಆ ಕಾಲಕ್ಕೆ ಹೆಣ್ಣುಮಗಳೊಬ್ಬರು ಆ ಯಂತ್ರದ ಮುಂದೆ ಕೂತದ್ದು ಸಣ್ಣ ಮಾತಲ್ಲ.

ಹಾಗಾಗಿ ಇಡೀ ತಂಡ ಕೊಲ್ಲಾಪುರಕ್ಕೆ ಹೋಗಿ ಛತ್ರಪತಿ ಸ್ಟುಡಿಯೋದಲ್ಲಿ ಎರಡು ತಿಂಗಳಲ್ಲಿ ಚಿತ್ರ ಮುಗಿಸಿಕೊಂಡು ಬಂತು. ಖರ್ಚು ಸುಮಾರು 40 ಸಾವಿರ ರೂಪಾಯಿ. ಅಂದರೆ ಕನ್ನಡ ಸಿನಿಮಾ ಹುಟ್ಟಿದ್ದೇ ಬಾಡಿಗೆ ಮನೆಯಲ್ಲಿ. ನಟರು ನಮ್ಮ ನಾಟಕ ಕಂಪನಿಯವರು, ಗೋಡೆ, ದೀಪ, ಲ್ಯಾಬ್ ಬೇರೆಯವರದು. ಆ ಚಿತ್ರದ ಒಂದು ಪ್ರಿಂಟೂ ಈಗ ಉಳಿದಿಲ್ಲ.

ಹಾಗಾದರೆ ಕರ್ನಾಟಕದಲ್ಲಿ ಸ್ಟುಡಿಯೋ ಇರಲೇ ಇಲ್ವಾ?

ಇದ್ದವು. ಮೈಸೂರಿನಲ್ಲಿ ನವಜ್ಯೋತಿ ಸ್ಟುಡಿಯೋ ಇತ್ತು. 1950ರ ದಶಕದಲ್ಲಿ ಎಂ. ಎನ್. ಬಸವರಾಜಯ್ಯ ಅವರ ಪ್ರೀಮಿಯರ್ ಸ್ಟುಡಿಯೋ ಬಂತು. ಡಿ. ಶಂಕರ್ ಸಿಂಗ್ ಅವರ ಮಹಾತ್ಮ ಪಿಕ್ಚರ್ಸ್ ಮೈಸೂರಿನಲ್ಲೇ ನೆಲೆ ಊರಿ ಬೇಗ ಬೇಗ ಚಿತ್ರ ಮಾಡುತ್ತಿತ್ತು. ಹಳೇ ಸ್ಟುಡಿಯೋ ಮನೆಗಳ ಗುಣ ಕನ್ನಡದಲ್ಲಿ ಹತ್ತಿರದಿಂದ ಕಾಣುವುದು ಅಲ್ಲೇ ಅಂತ ನಾನು ಹೇಳುತ್ತೇನೆ.

ಆದರೂ ಪ್ರಭಾತ್ ತರಹದ್ದು, ಅಂದರೆ ಲ್ಯಾಬಿನಿಂದ ಕಥಾ ವಿಭಾಗದವರೆಗೆ ಎಲ್ಲ ಒಂದೇ ಸೂರಿನಡಿ ಇದ್ದದ್ದು, ನಮ್ಮಲ್ಲಿ ಬೆಳೆಯಲಿಲ್ಲ. ನಮ್ಮವರೆಲ್ಲ ಸ್ಟುಡಿಯೋಗಳಿದ್ದ ಮದ್ರಾಸಿನ ಕೋಡಂಬಾಕಂ ದಾರಿ ಹಿಡಿದರು. 1954ರ ‘ಬೇಡರ ಕಣ್ಣಪ್ಪ’ ತಯಾರಾದದ್ದೂ ಮದ್ರಾಸಿನಲ್ಲೇ. ರಾಜ್‌ಕುಮಾರ್ ಅವರು ವರ್ಷಗಟ್ಟಲೆ ಅಲ್ಲೇ ಮನೆ ಮಾಡಿಕೊಂಡಿದ್ದರು. ಅಲ್ಲಿ ಫ್ಲೋರ್ ಸಿಗಬೇಕಾದರೆ ತಮಿಳು, ತೆಲುಗಿನ ದೊಡ್ಡ ಚಿತ್ರಗಳ ನಡುವೆ ಜಾಗ ಹುಡುಕಬೇಕು. 1960ರ ದಶಕದಲ್ಲಿ ಸರ್ಕಾರದ ಸಹಾಯಧನ, ಬೆಂಗಳೂರಿನ ಕಂಠೀರವ ಸ್ಟುಡಿಯೋ ಬಂದ ಮೇಲೆ ನಿಧಾನವಾಗಿ ಇತ್ತ ಮುಖ ತಿರುಗಿತು. ಅಷ್ಟರಲ್ಲಿ ಸಂಬಳದ ಸ್ಟುಡಿಯೋಗಳ ಕಾಲವೇ ಮುಗಿದಿತ್ತು.

ಆ ಪದ್ಧತಿ ಯಾಕೆ ಕುಸಿಯಿತು?

ಯುದ್ಧ, ಕಪ್ಪುಹಣ, ತಾರೆಯರು. ಮೂರೂ ಒಟ್ಟಿಗೆ ಬಂದವು.

ಎರಡನೇ ಮಹಾಯುದ್ಧದಲ್ಲಿ ಕಚ್ಚಾ ಫಿಲ್ಮ್‌ಗೆ ಪರ್ಮಿಟ್ ಬಂತು. ಚಿತ್ರದ ಉದ್ದ 11,000 ಅಡಿ ಮೀರಬಾರದು ಅಂತ ಸರ್ಕಾರ ಕಟ್ಟು ಮಾಡಿತು. ಅಂದರೆ ಎರಡು ಗಂಟೆ ಚಿಲ್ಲರೆ. ಇತ್ತ ಯುದ್ಧದ ಗುತ್ತಿಗೆ, ಕಾಳಸಂತೆಯಲ್ಲಿ ದುಡ್ಡು ಮಾಡಿದವರಿಗೆ ಆ ದುಡ್ಡನ್ನು ಎಲ್ಲಾದರೂ ಕರಗಿಸಬೇಕಿತ್ತು. ಸಿನಿಮಾ ಸಿಕ್ಕಿತು. ಅವರಿಗೆ ಸ್ಟುಡಿಯೋ ಕಟ್ಟುವ ಉಸಾಬರಿ ಬೇಡ. ಫ್ಲೋರ್ ಬಾಡಿಗೆಗೆ ಸಿಗುತ್ತದೆ. ಬೇಕಾದದ್ದು ಒಬ್ಬ ತಾರೆ ಮಾತ್ರ. ತಿಂಗಳ ಸಂಬಳದ ಹತ್ತುಪಟ್ಟನ್ನು ಒಂದೇ ಚಿತ್ರಕ್ಕೆ ಕೊಡುತ್ತೇನೆ ಅಂದರೆ ಯಾರು ಹಾಜರಿ ಹಾಕಿಕೊಂಡು ಕೂರುತ್ತಾರೆ? ನ್ಯೂ ಥಿಯೇಟರ್ಸ್‌ನ ಗಾಯಕ ನಟ ಸೈಗಲ್ ಆಗಲೇ ಕಲ್ಕತ್ತಾ ಬಿಟ್ಟು ಬೊಂಬಾಯಿಗೆ ಬಂದಿದ್ದರು.

ಒಳಜಗಳವೂ ಸೇರಿತು. 1942ರಲ್ಲಿ ಶಾಂತಾರಾಂ ಪ್ರಭಾತ್ ಬಿಟ್ಟು ತಮ್ಮದೇ ಕಂಪನಿ ರಾಜ್‌ಕಮಲ್ ಕಟ್ಟಿದರು. 1943ರಲ್ಲಿ ಬಾಂಬೆ ಟಾಕೀಸ್ ಒಡೆದು ಫಿಲ್ಮಿಸ್ತಾನ್ ಹುಟ್ಟಿತು. 1950ರ ದಶಕದ ನಡುವೆ ಹಳೇ ಮನೆಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿದವು. ಮದ್ರಾಸಿನವರು ಮಾತ್ರ ಜಾಣತನ ಮಾಡಿದರು. ವಾಹಿನಿ, ಎವಿಎಂ ತಮ್ಮ ಚಿತ್ರವನ್ನೂ ಮಾಡಿದವು, ಉಳಿದ ದಿನ ಫ್ಲೋರ್ ಬಾಡಿಗೆಗೂ ಕೊಟ್ಟವು.

ಸ್ಟುಡಿಯೋ ಬಾಡಿಗೆಗೆ ಬಂದ ಮೇಲೆ ಒಳಗಿದ್ದ ಕೆಲಸಗಾರರ ಕಥೆ?

ಇದಕ್ಕೆ ನಮ್ಮ ಮೈಸೂರಿನವರ ಉದಾಹರಣೆಯೇ ಇದೆ. ವಿ. ಕೆ. ಮೂರ್ತಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣ ಓದಿ ಬೊಂಬಾಯಿಗೆ ಹೋದವರು. ಫೇಮಸ್ ಸ್ಟುಡಿಯೋದಲ್ಲಿ ಸಹಾಯಕ ಕ್ಯಾಮೆರಾಮನ್. ಆಗ ಫ್ಲೋರ್ ಬಾಡಿಗೆಗೆ ಹಿಡಿದರೆ ಕ್ಯಾಮೆರಾ ಜೊತೆ ಸ್ಟುಡಿಯೋದ ಕ್ಯಾಮೆರಾ ಸಿಬ್ಬಂದಿಯೂ ಬರುತ್ತಿದ್ದರು. 1951ರ ‘ಬಾಜಿ’ ಶೂಟಿಂಗ್ ಅಲ್ಲಿ ನಡೆದಾಗ ಅದರ ನಿರ್ದೇಶಕ ಗುರುದತ್ ಈ ಹುಡುಗನ ಕೈಚಳಕ ನೋಡಿದರು. ಮುಂದಿನ ಚಿತ್ರಕ್ಕೆ ಇವರೇ ಕ್ಯಾಮೆರಾಮನ್.

ಗುರುದತ್ ಕೂಡ ಹುಟ್ಟಿದ್ದು ಬೆಂಗಳೂರಿನಲ್ಲಿ. 1944ರಲ್ಲಿ ಪುಣೆಯ ಪ್ರಭಾತ್‌ಗೆ ಮೂರು ವರ್ಷದ ಕರಾರಿನ ಮೇಲೆ ಸೇರಿದ್ದರು. ನೃತ್ಯ ಹೇಳಿಕೊಡುವುದು, ಸಹಾಯಕ ನಿರ್ದೇಶನ, ಸಣ್ಣ ಪಾತ್ರ, ಹೇಳಿದ್ದೆಲ್ಲ ಮಾಡಬೇಕು. ದೇವ್ ಆನಂದ್ ಗೆಳೆತನ ಆದದ್ದು ಅಲ್ಲೇ. ‘ಬಾಜಿ’ ಹುಟ್ಟಿದ್ದು ಆ ಗೆಳೆತನದಿಂದ. ಅಂದರೆ ಹಳೇ ಮನೆ ಬಿದ್ದರೂ ಅಲ್ಲಿ ಕಲಿತವರು ಹತ್ತಿಪ್ಪತ್ತು ವರ್ಷ ಸಿನಿಮಾ ನಡೆಸಿದರು.

ಈಗ ಹೋಗಿ ನೋಡಲು ಏನಾದರೂ ಉಳಿದಿದೆಯಾ?

ಪುಣೆಗೆ ಹೋಗಿ. ಪ್ರಭಾತ್ ಜಾಗದಲ್ಲೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಹಳೇ ಸ್ಟುಡಿಯೋ ಕಟ್ಟಡದಲ್ಲಿ ಈಗಲೂ ಹುಡುಗರು ಸೆಟ್ ಹಾಕುತ್ತಾರೆ. ಸೇಲಂನಲ್ಲಿ ಏರ್ಕಾಡಿಗೆ ಹೋಗುವ ರಸ್ತೆಯಲ್ಲಿ ಮಾಡರ್ನ್ ಥಿಯೇಟರ್ಸ್‌ನ ಕಮಾನು ನಿಂತಿದೆ, ಅದರ ಹಿಂದಿನ ಸ್ಟುಡಿಯೋ ಇಲ್ಲ. ಚೆನ್ನೈನಲ್ಲಿ ಜೆಮಿನಿ ಹೋಗಿದೆ, ಫ್ಲೈಓವರ್‌ಗೆ ಜನ ಅದರ ಹೆಸರನ್ನೇ ಹೇಳುತ್ತಾರೆ. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿಯಲ್ಲಿ ಧಾರಾವಾಹಿಯೊಂದರ ಶೂಟಿಂಗ್ ವೇಳೆ ಬೆಂಕಿ ಬಿದ್ದು 62 ಜನ ತೀರಿಕೊಂಡರು.

ಅಷ್ಟು ದೂರ ಆಗದಿದ್ದರೆ ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ತಾತಗುಣಿ ಕಡೆ ಹೋಗಿ. ಬಾಂಬೆ ಟಾಕೀಸ್ ನಡೆಸಿದ ದೇವಿಕಾ ರಾಣಿ 1945ರಲ್ಲಿ ಕಲಾವಿದ ಸ್ವೆತೋಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ ಸಿನಿಮಾ ಬಿಟ್ಟರು. ಮುಂದೆ ಇಬ್ಬರೂ ನೆಲೆಸಿದ್ದು ಅಲ್ಲಿನ ಎಸ್ಟೇಟಿನಲ್ಲಿ. 1994ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ನಾನು ಆ ರಸ್ತೆಯಲ್ಲಿ ಬಸ್ಸಿನಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಆ ಮರಗಳ ಒಳಗೆ ಯಾರಿದ್ದರು ಅಂತ ಗೊತ್ತಾದದ್ದು ತೀರಾ ಈಚೆಗೆ.